ಕೋಳಿ ಗೊಬ್ಬರ ಮತ್ತು ಮಂಗಸೂಳಿಯ ಕಾಕಾ

ಮನೆಗೆ ಬಂದ ನೆಂಟರನ್ನು ‘ಹೋಗಿ’ ಎನ್ನದೆಯೇ ಕಳಿಸುವ ಕಲೆ ಎಲ್ಲರಿಗೂ ಒಲಿಯುವುದಿಲ್ಲ. ನಮಗೆ ಒಲಿದಿತ್ತು. ಅದಕ್ಕೆ ಕಾರಣ ನಮ್ಮ ಜಾಣತನವಲ್ಲ, ನಮ್ಮ ಕೋಳಿಗಳು. ಎಂಬತ್ತರ ದಶಕದ ಕೊನೆಗೆ ಉಗಾರ ಬುದ್ರುಕದಲ್ಲಿ, ಕಬ್ಬಿನ ಹೊಲದ ಅಂಚಿಗೆ, ಮನೆಗೆ ಹತ್ತಿಕೊಂಡಂತೆ ಒಂದು ಕೋಳಿ ಶೆಡ್ಡು ಹಾಕಿಸಿದ್ದೆ. ನೆಲಕ್ಕೆ ಹಾಸಿದ ಶೇಂಗಾ ಸಿಪ್ಪೆ, ಅದರ ಮೇಲೆ ಕೋಳಿಗಳು ಹಗಲಿರುಳು ಮಾಡಿದ ಉಪಕಾರ, ಎರಡನ್ನೂ ಬಳಿದು ಹಿತ್ತಲಲ್ಲಿ ಗುಡ್ಡೆ ಹಾಕುತ್ತಿದ್ದೆವು. ಗುಡ್ಡೆ ಮಳೆಗೆ ತೊಯ್ದು, ಬಿಸಿಲಿಗೆ ಬೆಂದು, ಹೊಲ ಸೇರುವ ಹೊತ್ತಿಗೆ ಬೂದಿಯಂತಾಗಿರುತ್ತಿತ್ತು. ಅದರ ಸತ್ವ ಎಲ್ಲಿ ಹೋಯಿತೆಂದು ನನಗೆ ತಿಳಿಯುತ್ತಿರಲಿಲ್ಲ. ಬಂದವರ ಮೂಗಿಗೆ ಮಾತ್ರ ತಿಳಿಯುತ್ತಿತ್ತು. ಚಹಾ ಆರುವ ಮೊದಲೇ ಅವರಿಗೆ ಊರಲ್ಲಿ ಬಿಟ್ಟುಬಂದ ಕೆಲಸ ನೆನಪಾಗುತ್ತಿತ್ತು. ಎಲ್ಲಿಗೂ ಹೋಗಲಾರದ ನನ್ನ ಹೆಂಡತಿ ಶಾಂತಾ ಹಿತ್ತಲ ಕಿಟಕಿಗೆ ಮೊಳೆ ಹೊಡೆಸಿದ್ದಳು.

ಹೀಗಿರುವಾಗ ಅಥಣಿಯಲ್ಲಿ ನಡೆದ ರೈತರ ಸಭೆಗೆ ಹೋದೆ. ಊಟ ಚೆನ್ನಾಗಿರುತ್ತದೆಂದು ಯಾರೋ ಹೇಳಿದ್ದರು. ಊಟಕ್ಕೆ ಮೊದಲು ಮಾತಾಡಿದ ಅಧಿಕಾರಿ, ಕೋಳಿ ಗೊಬ್ಬರದ ಘಾಟೆಂದರೆ ಅದರಲ್ಲಿರುವ ಸಾರಜನಕ ಗಾಳಿಗೆ ಹಾರುವುದು, ಯೂರಿಯಾ ಚೀಲದ ಬಾಯಿ ಬಿಚ್ಚಿ ಊರಿಗೆಲ್ಲ ತೂರಿದಂತೆ ಎಂದರು. ಶೆಡ್ಡಿನಲ್ಲಿ ನೀರು ಚೆಲ್ಲಬಾರದು, ಗುಡ್ಡೆ ಒಣಗಿರಬೇಕು, ಮುಚ್ಚಿರಬೇಕು, ಹೊಲಕ್ಕೆ ಹಾಕಿದ ದಿನವೇ ಮಣ್ಣಲ್ಲಿ ಬೆರೆಸಬೇಕು. ಇಷ್ಟು ವರ್ಷ ನೆಂಟರ ಮೂಗಿಗೆ ಪುಕ್ಕಟೆ ಯೂರಿಯಾ ಹಾಕಿದೆನಲ್ಲ ಎಂಬ ಸಂಕಟಕ್ಕೆ ನನಗೆ ಊಟವೇ ರುಚಿಸಲಿಲ್ಲ.

ಬಂದವನೇ ಸೋರುವ ನೀರಿನ ಪಾತ್ರೆಗಳನ್ನು ಬದಲಿಸಿದೆ. ಗುಡ್ಡೆಗೆ ದಪ್ಪ ಪ್ಲಾಸ್ಟಿಕ್ಕಿನ ತಾಡಪತ್ರಿ ಹೊದಿಸಿ, ಅಂಚಿಗೆ ಮಣ್ಣು ಮೆತ್ತಿದೆ. ವಾಸನೆ ಅಡಗಿತು. ಶಾಂತಾ ಕಿಟಕಿಯ ಮೊಳೆ ಕೀಳಿಸಿದಳು. ನಾನು ಕ್ಷೌರದ ಅಂಗಡಿಯಲ್ಲೂ ಸಾರಜನಕದ ಉಪನ್ಯಾಸ ಮಾಡತೊಡಗಿದೆ.

ಆಗ ಬಂದವರು ಮಂಗಸೂಳಿಯ ಬಾಳಪ್ಪ ಕಾಕಾ, ನಮ್ಮ ತಂದೆಯ ತಮ್ಮ. ಮೊದಲೆಲ್ಲ ಧೋತರದ ಚುಂಗನ್ನು ಮೂಗಿಗೆ ಹಿಡಿದೇ ಬಂದು ಹಾಗೆಯೇ ಹೋಗುತ್ತಿದ್ದವರು, ಈ ಸಲ ಪಡಸಾಲೆಯಲ್ಲಿ ಕಾಲು ಚಾಚಿ ದೀರ್ಘವಾಗಿ ಉಸಿರೆಳೆದರು. ವಾಸನೆ ಎಲ್ಲಿ ಹೋಯಿತೆಂದು ಕೇಳಿದರು. ನಾನು ಅಥಣಿಯ ಭಾಷಣವನ್ನು ಒಂದಕ್ಷರ ಬಿಡದೆ ಒಪ್ಪಿಸಿದೆ. ಅವರು ಎಷ್ಟು ಆಸಕ್ತಿಯಿಂದ ಕೇಳಿದರೆಂದರೆ, ಮರುದಿನವೂ ಹೋಗಲಿಲ್ಲ. ಮುಂದಿನ ವಾರವೂ ಹೋಗಲಿಲ್ಲ. ಕೋಳಿ ಏಳುವ ಮೊದಲೇ ರೇಡಿಯೋ ಹಚ್ಚುತ್ತಿದ್ದರು. ಎಮ್ಮೆ ಕಟ್ಟುವ ಜಾಗ ಬದಲಿಸಿದರು. ಅಡುಗೆಮನೆಯ ಬಾಗಿಲಿಗೆ ಕುರ್ಚಿ ಹಾಕಿಕೊಂಡು, ರೊಟ್ಟಿ ಬಡಿಯುವುದನ್ನು ಶಾಂತಾಳಿಗೆ ಆಕೆಯ ತಾಯಿ ಎಲ್ಲಿ ತಪ್ಪಾಗಿ ಕಲಿಸಿದ್ದಾರೆಂದು ವಿವರಿಸಿದರು.

ಅಂದು ಶಾಂತಾ ನನ್ನನ್ನು ಹಿತ್ತಲಿಗೆ ಕರೆದಳು.

“ತಾಡಪತ್ರಿದ ಒಂದ ಮೂಲಿ ಎತ್ತಿಡ್ರಿ.”

ಯೂರಿಯಾ ಹೋಗುತ್ತದೆ ಎಂದೆ.

“ಹೋಗ್ಲಿ ಬಿಡ್ರಿ. ಅದರ ಜೋಡಿ ಕಾಕಾರೂ ಹೋಗ್ಲಿ.”

ಒಂದು ಕಡೆ ಕಬ್ಬು, ಇನ್ನೊಂದು ಕಡೆ ಸಂಸಾರ. ನಾನು ಸಂಸಾರಸ್ಥ. ಗಾಳಿ ಬೀಸುವ ದಿಕ್ಕು ನೋಡಿ ಮೂಲೆ ಎತ್ತಿದೆ, ಘಾಟು ಬೇಗ ಏಳಲೆಂದು ಒಂದು ಕೊಡ ನೀರನ್ನೂ ಸುರಿದೆ. ಕಾಕಾ ರೊಟ್ಟಿ ತಿನ್ನುತ್ತ ಕುಳಿತಾಗ ಅದು ಒಳಗೆ ಬಂತು. ಅವರು ತುತ್ತು ಕೆಳಗಿಟ್ಟು ಮೂಗೆತ್ತಿದರು, ಎದ್ದರು. ಶಾಂತಾ ಅವರ ಚೀಲದತ್ತ ನೋಡಿದಳು. ಕಾಕಾ ಮಾತ್ರ ಚೀಲದ ಕಡೆ ಹೋಗದೆ ನೇರ ಹಿತ್ತಲಿಗೆ ನಡೆದು, ತಾಡಪತ್ರಿ ಎಳೆದು ಮುಚ್ಚಿ, ಮೇಲೊಂದು ಕಲ್ಲು ಹೇರಿದರು.

“ತಮ್ಮಾ, ನಿನ್ನ ಯೂರಿಯಾ ಹಾರಿ ಹೊಂಟಿತ್ತಲ್ಲೋ. ಛಲೋ ಆತು, ನಾ ಇದ್ದೆ,” ಎಂದರು. ಇಂಥ ಮಾಲನ್ನು ನಮ್ಮ ಕೈಗೆ ಬಿಟ್ಟುಹೋಗಲು ಅವರಿಗೆ ಮನಸ್ಸಾಗಲಿಲ್ಲ. ಗೊಬ್ಬರ ಮಣ್ಣು ಸೇರುವ ತನಕ ಇಲ್ಲೇ ಇರುವುದಾಗಿ ತಿಳಿಸಿದರು.

ಇದ್ದರು. ಗೊಬ್ಬರ ಹಾಕಿದ ದಿನ ಬದುವಿನ ಮೇಲೆ ಛತ್ರಿ ಹಿಡಿದು ನಿಂತು, ಮಧ್ಯಾಹ್ನದೊಳಗೆ ಎಲ್ಲವನ್ನೂ ಮಣ್ಣಿಗೆ ಬೆರೆಸುವಂತೆ ಮಾಡಿದರು. ಆ ವರ್ಷ ಕಬ್ಬು ಎಂಥ ಕಪ್ಪು ಹಸಿರಾಗಿ ಎದ್ದಿತೆಂದರೆ, ದಾರಿಹೋಕರು ಸೈಕಲ್ ಇಳಿದು ಏನು ಹಾಕಿದಿರಿ ಎಂದು ಕೇಳುತ್ತಿದ್ದರು. ಬೆಳೆ ನೋಡಲು ಮತ್ತೆ ಬಂದಿದ್ದ ಕಾಕಾರ ಎದುರಿಗೇ ಒಬ್ಬರು ಕೇಳಿದಾಗ ನಾನು ಬಾಯಿ ತೆರೆದೆ.

“ಇವನ್ನ ಏನ ಕೇಳತೀರಿ? ಇವಗ ತಾಡಪತ್ರಿ ಮುಚ್ಚಾಕೂ ಬರೂದಿಲ್ಲ,” ಎಂದರು ಕಾಕಾ.

ಹೌದು, ಬರುವುದಿಲ್ಲ ಎಂದು ಒಪ್ಪಿಕೊಂಡೆ. ಬರುತ್ತದೆ ಎಂದಿದ್ದರೆ, ಹಾಗಾದರೆ ಅಂದು ಮೂಲೆ ಎದ್ದದ್ದು ಹೇಗೆ ಎಂಬ ಪ್ರಶ್ನೆ ಬರುತ್ತಿತ್ತು.