ಕಾಕಾರ ಪಂಚಾಂಗಕ್ಕೆ ಹತ್ತು ಪಟ್ಟಿನ ಭೂತಗನ್ನಡಿ

ತಡೀರಿ! ಭೂತಗನ್ನಡಿ ಕೊಳ್ಳಲು ಹೊರಟಿದ್ದರೆ ಚಪ್ಪಲಿ ಬಿಟ್ಟು ಎರಡು ನಿಮಿಷ ಕೂತುಕೊಳ್ಳಿ.

ನಮ್ಮ ಕಾಕಾ ಗುಂಜೋಟಿಯ ಅಯ್ಯನವರು. ಸುತ್ತಲಿನ ಊರುಗಳ ಭಕ್ತರ ಮನೆಗಳಿಗೆ ಮುಹೂರ್ತ ನೋಡಿಕೊಡುವವರು. ಈಚೆಗೆ ಪಂಚಾಂಗದ ಸಣ್ಣ ಅಕ್ಷರ ಅವರಿಗೆ ಕಾಣುತ್ತಿರಲಿಲ್ಲ. ಇದು ಭಕ್ತರಿಗೆ ಗೊತ್ತಾದರೆ ಅಜ್ಜನ ಕಾಲದಿಂದ ಬಂದ ಮನೆಗಳೆಲ್ಲ ಬೇರೆ ಅಯ್ಯನವರ ಪಾಲು! ಅವರಿಗೆ ಅದೇ ಚಿಂತೆ.

ನಾನಿದ್ದೆನಲ್ಲ! ಹದಿನೈದು ದಿನ ಮೊಬೈಲಿನಲ್ಲಿ ಮಸೂರದ ವಿಡಿಯೋ ನೋಡಿ ಪಂಡಿತನಾಗಿದ್ದೆ. ಉದಗೀರಕ್ಕೆ ಹೋದೆ.

“ಓದಾಕ ಮೂರು ಪಟ್ಟಿಂದು ತಗೋರಿ, ಅಗಲ ಅದ,” ಎಂದ ಅಂಗಡಿಯವ.

“ಹತ್ತು ಪಟ್ಟಿಂದು ಇದ್ದಾಗ ಮೂರು ಯಾಕ್ರೀ?” ಎಂದೆ. ಬಡಪಾಯಿಗೆ ವಿಜ್ಞಾನ ಗೊತ್ತಿಲ್ಲವೆಂದು ಮರುಗಿ, ಹತ್ತು ಪಟ್ಟಿನದನ್ನೇ ಕೊಂಡು ತಂದೆ.

ಮರುದಿನವೇ ಕಾಸಾರಶಿರಸಿಯ ಶರಣಪ್ಪ ಹೊಸ ಮನೆಯ ಗೃಹಪ್ರವೇಶಕ್ಕೆ ದಿನ ಕೇಳಲು ಬಂದ. ಕಾಕಾ ಗತ್ತಿನಿಂದ ಕನ್ನಡಿ ಹಿಡಿದರು. ಬರೀ ಮಂಜು!

“ಹತ್ರ ತರ್ರಿ ಕಾಕಾ,” ಎಂದೆ. ತಂದರು. ಇನ್ನೂ ಹತ್ತಿರ. ಮೂಗು ಪಂಚಾಂಗಕ್ಕೆ ತಾಗಿತು. ಹಣೆಯ ವಿಭೂತಿ ಶನಿವಾರದ ಮೇಲೆ ಉದುರಿತು.

“ಅಯ್ಯನವರು ಮೂಸಿ ನೋಡ್ಲಕ್ಕತ್ತಾರೇನು?” ಎಂದ ಶರಣಪ್ಪ.

ಒಮ್ಮೆಗೆ ಎರಡೇ ಅಕ್ಷರ ಕಾಣುತ್ತಿದ್ದವು. ಆದರೆ ಎಂಥ ಅಕ್ಷರ! ಒಂದೊಂದೂ ಕುಂಬಳಕಾಯಿ! ಕಾಕಾ ಕನ್ನಡಿ ಸರಿಸುತ್ತ, ಅಕ್ಷರ ಕೂಡಿಸುತ್ತ, ಕೊನೆಗೆ ಬೆವರೊರೆಸಿಕೊಂಡು ಘೋಷಿಸಿದರು: “ಗುರುವಾರ, ಮುಂಜಾನಿ ಏಳು. ಭಾಳ ಛಲೋ ಅದ!”

ಶರಣಪ್ಪ ಗೋಡೆಯ ಕ್ಯಾಲೆಂಡರಿನತ್ತ ಬೆರಳು ಮಾಡಿದ. ಗುರುವಾರದ ಮೇಲೆ ದಪ್ಪ ಕರಿ ಗುಂಡು. ಅವನು ಕೂತಲ್ಲಿಂದಲೇ ಕಾಣುತ್ತಿತ್ತು.

“ಅಮಾಸಿ ದಿನಾ ಮನಿ ಹೊಗಬೇಕೇನ್ರೀ ಅಯ್ಯನವರ?”

ಕಾಕಾ ಮತ್ತೆ ಪಂಚಾಂಗಕ್ಕೆ ಕನ್ನಡಿ ಹಿಡಿದರು. ಒಳಗಿನಿಂದ ಕಾಕಿ ಬಂದು ಪಂಚಾಂಗ ಕಸಿದುಕೊಂಡು ಬರಿಗಣ್ಣಿನಲ್ಲೇ ಓದಿದರು.

“ಗುರುವಾರದ ಸಾಲು ಹಿಡದು ಹೊಂಟು, ನಡುವ ನಾಕು ಸಾಲು ಕೆಳಗ ಸೋಮವಾರದ ಸಾಲಿಗಿ ಜಾರ್ಯಾರ. ಏಳರ ಮುಹೂರ್ತ ಸೋಮವಾರದ್ದದ ನೋಡಪಾ.”

ಶರಣಪ್ಪ ನಕ್ಕು ಕೈಮುಗಿದ. “ಪೂಜಾಕ್ಕ ನೀವೇ ಬರ್ರಿ ಅಯ್ಯನವರ. ಆದ್ರ ಇನ್ನ ಮುಂದ ಮುಹೂರ್ತ ಅವ್ವಾರಿಗೆ ಕೇಳ್ತೀವಿ!”

ಅಂತೂ ಶರಣಪ್ಪನ ಮನೆ ಕಾಕಾರ ಪಾಲಿಗೇ ಉಳಿಯಿತು. ನನ್ನ ಮರ್ಯಾದೆ ಹೋಯಿತು.

ಪಟ್ಟು ಹೆಚ್ಚಿದಷ್ಟೂ ಕಾಣುವ ಜಾಗ ಕಿರಿದು. ಓದಲು ಎರಡು-ಮೂರು ಪಟ್ಟು ಸಾಕು. ಇದು ಆ ವಿಡಿಯೋದಲ್ಲೇ ಇತ್ತು. ಆ ಭಾಗವನ್ನಷ್ಟೇ ನಾನು ನೋಡದೆ ಮುಂದಕ್ಕೆ ಓಡಿಸಿದ್ದೆ! ನಿಮ್ಮ ಮನೆಯ ಹಿರಿಯರಿಗೆ ಎಷ್ಟು ಪಟ್ಟಿನದು ಹೊಂದಿತು, ಕೆಳಗೆ ಬರೆಯಿರಿ. ಸಲಹೆ ಮಾತ್ರ ನನ್ನನ್ನು ಕೇಳಬೇಡಿ. ಮನೆಯಲ್ಲೂ ಯಾರೂ ಕೇಳುತ್ತಿಲ್ಲ.