ಗೇಟಿನ ಮುಂದೆ ಮಾತ್ರ ಕಣ್ಣು ಮುಚ್ಚುವ ಎಡ ಹಿಂದೀಪಕ್ಕೆ

ಮಾರಂಡಹಳ್ಳಿ ಹತ್ತಿರ,
ಮಂಗಳವಾರ, 19 ನವೆಂಬರ್ 1996

ನಮ್ಮ ಟ್ರೇಲರಿನ ಎಡ ಮೂಲೆಯನ್ನು ಹತ್ತು ದಿನದಿಂದ ಅಲಂಕರಿಸಿರುವ ಮಾನ್ಯ ಹಿಂದೀಪದವರೇ, ಟ್ರ್ಯಾಕ್ಟರಿನ ಸೀಟಿನಿಂದ ತಮ್ಮ ಕಡೆ ತಿರುಗಿ ನೋಡಿ ನೋಡಿ ಕತ್ತು ಉಳುಕಿಸಿಕೊಂಡಿರುವ ತಿಮ್ಮರಾಜುವಿನ ನಮಸ್ಕಾರಗಳನ್ನು, ಕತ್ತು ಬಗ್ಗಿಸಲು ಆಗದಿದ್ದರೂ, ಬಗ್ಗಿಸಿಯೇ ಮಾಡಿದಂತೆ ಸ್ವೀಕರಿಸಬೇಕು.

ಇಂದು ಬೆಳಿಗ್ಗೆ ಎಂಟೂವರೆಗೆ, ನಾನು ಬ್ರೇಕ್ ತುಳಿದಾಗ ಕೆಂಪು ತೋರಿಸಬೇಕಾದ ತಾವು ಹಳದಿ ತೋರಿಸಿ, ಟ್ರೇಲರ್ ಎಡಕ್ಕೆ ತಿರುಗುವುದೆಂದು ಲೋಕಕ್ಕೆ ಸಾರಿದಿರಿ. ಇದನ್ನು ವರದಿ ಮಾಡಿದವರು ನಮ್ಮ ಸೋದರಮಾವ ಚಿಕ್ಕಮುನಿಯಪ್ಪನವರು. ಅವರು ಮೊಪೆಡ್ಡಿನ ಹಿಂದೆ ಬದನೆಕಾಯಿ ಕುಕ್ಕೆ ಕಟ್ಟಿಕೊಂಡು ನಮ್ಮ ಹಿಂದೆಯೇ ಬರುತ್ತಿದ್ದರು. ತಮ್ಮ ಮಾತನ್ನು ನಂಬಿ ಬಲಗಡೆಯಿಂದ ಮುಂದಕ್ಕೆ ಬಂದವರು, ನಾನು ಯಾವ ಎಮ್ಮೆಗಳಿಗಾಗಿ ಬ್ರೇಕ್ ತುಳಿದಿದ್ದೆನೋ ಆ ಎಮ್ಮೆಗಳ ನಟ್ಟನಡುವೆ ಹೋಗಿ ನಿಂತರು. ಯಾರಿಗೂ ಪೆಟ್ಟಾಗಿಲ್ಲ. ಬದನೆಕಾಯಿ ಮಾತ್ರ ಸಂತೆ ಮುಟ್ಟಲಿಲ್ಲ. ಮಾವ ನನ್ನನ್ನು ಕೇಳಿದ್ದಿಷ್ಟು: “ಏನ್ಲಾ ತಿಮ್ಮರಾಜಾ, ಎಡಕ್ ಓಯ್ತೀನಿ ಅಂತ ಲೈಟಾಕಿ ಎಮ್ಮೆ ತೋರುಸ್ತೀಯಾ?” ಈ ಪ್ರಶ್ನೆ ತಮಗೆ ಸೇರಬೇಕಾದದ್ದೆಂದು ಭಾವಿಸಿ ವಿನಯಪೂರ್ವಕವಾಗಿ ರವಾನಿಸುತ್ತಿದ್ದೇನೆ. ಬಹಿರಂಗವಾಗಿ ಬರೆಯುತ್ತಿರುವುದೇಕೆಂದರೆ, ಟ್ರೇಲರಿನ ಕೆಳಗೆ ಅಂಗಾತ ಮಲಗಿ ತಮ್ಮ ಕಿವಿಯಲ್ಲಿ ಗುಟ್ಟಾಗಿ ಹೇಳಿದ್ದು ಯಾವುದೂ ಫಲ ಕೊಟ್ಟಿಲ್ಲ.

ತಮ್ಮ ಗುಣಗಳನ್ನು ನಾವು ಅರಿಯದವರಲ್ಲ. ನಿನ್ನೆ ಸೋಮವಾರ ಮೊದಲ ಲೋಡು ಕಬ್ಬು ತುಂಬಿಕೊಂಡು ಸಕ್ಕರೆ ಕಾರ್ಖಾನೆಗೆ ಹೊರಟಾಗ, ಹದಿನಾಲ್ಕು ಕಿಲೋಮೀಟರ್ ದಾರಿಯುದ್ದಕ್ಕೂ ತಾವು ಬೆಳಗಿದ ರೀತಿಯನ್ನು ನೋಡಿ, ಹಿಂದೆ ಬಂದ ಲಾರಿಯವನೇ ಪಕ್ಕಕ್ಕೆ ಬಂದು ಹೆಬ್ಬೆರಳೆತ್ತಿ ತೋರಿಸಿ ಹೋದ. ಲಾರಿಗಳಿಗೇ ಹೆಸರಾದ ಶಂಕಗಿರಿಯ ಲಾರಿಗಳ ಮಧ್ಯೆ ನಿಲ್ಲಿಸಿದರೂ ತಾವು ಎರಡನೆಯವರಾಗುತ್ತಿರಲಿಲ್ಲ. ಆದರೆ ಕಾರ್ಖಾನೆಯ ಗೇಟಿನ ಮುಂದೆ ಗಾಡಿ ನಿಂತ ಕೂಡಲೇ ತಾವು ಮಂಕಾದಿರಿ. ಕಳೆದ ವರ್ಷ ದೀಪವಿಲ್ಲದ ಟ್ರೇಲರಿನ ಹಿಂಬದಿಗೆ ಒಂದು ಬೈಕು ಗುದ್ದಿದ ಮೇಲೆ, ಬ್ರೇಕ್, ಎಡ, ಬಲ ಮೂರನ್ನೂ ಹಾಕಿಸಿ ನೋಡದೆ ಅಲ್ಲಿ ಯಾವ ಗಾಡಿಯನ್ನೂ ಒಳಗೆ ಬಿಡುವುದಿಲ್ಲ. ಆ ನಿಯಮ ಸರಿಯಾದದ್ದೇ. ವಾಚ್‌ಮನ್ ಎಡ ಎಂದಾಗ ತಾವು ಮಿಟುಕಲಿಲ್ಲ, ಬ್ರೇಕ್ ಎಂದಾಗ ಎಡ ಎಂದಿರಿ. ಆತ ನಗುತ್ತಲೇ ತಮಿಳಿನಲ್ಲಿ, “ಲೈಟು ಸರಿ ಪಣ್ಣಿಟ್ಟು ವಾಂಗಣ್ಣಾ,” ಎಂದು, ಸರಿಮಾಡಿಕೊಂಡು ಗುರುವಾರ ಹತ್ತು ಗಂಟೆಯೊಳಗೆ ಬರದಿದ್ದರೆ ನಮ್ಮ ಸರದಿ ಪಟ್ಟಿಯ ಕೊನೆಗೆ ಹೋಗುತ್ತದೆಂದು ತಿಳಿಸಿದ. ಕೊನೆ ಎಂದರೆ ಮೂರು ವಾರ.

ಕಡಿದ ಕಬ್ಬು ಮೂರು ವಾರ ಕಾಯುವುದಿಲ್ಲ. ಲೋಡನ್ನು ಮನೆಗೆ ತಂದು ಹೊಂಗೆಮರದ ನೆರಳಿಗೆ ಇಳಿಸಿ, ಸೋಗೆ ಮುಚ್ಚಿ, ದಿನಕ್ಕೆ ನಾಲ್ಕು ಸಲ ನೀರು ಚಿಮುಕಿಸುತ್ತಿದ್ದೇವೆ. ಇನ್ನೊಂದು ಸಂಗತಿ ತಮಗೆ ತಿಳಿದಿರಬೇಕು. ಆ ಕಬ್ಬು ನನ್ನದಲ್ಲ, ನಮ್ಮ ಅವ್ವ ಮುನಿಶಾಮಮ್ಮನವರದು. ಕಾರ್ಖಾನೆಯ ಕಟಾವಿನ ಆದೇಶ ಅವರ ಹೆಸರಿಗೇ ಬಂದಿದೆ. ಅಂಚೆಯಲ್ಲಿ ಅವರ ಹೆಸರು ಹೊತ್ತು ಬಂದ ಮೊದಲ ಕಾಗದ ಅದು. ಓದಲು ಬಾರದಿದ್ದರೂ ಅದನ್ನು ಪಡಸಾಲೆಯ ದೇವರಪಟದ ಹಿಂದೆ ಇಟ್ಟಿದ್ದಾರೆ, ಬಂದವರಿಗೆಲ್ಲ ತೆಗೆದು ತೋರಿಸುತ್ತಾರೆ.

ನ್ಯಾಯ ಹೇಳುವಾಗ ತಮ್ಮ ಪಕ್ಷವನ್ನೂ ಹೇಳಬೇಕು. ಸೆಪ್ಟೆಂಬರಿನಲ್ಲಿ ನಾನು ಗಾಡಿಯನ್ನು ಹಿಂದಕ್ಕೆ ಬಿಡುವಾಗ ತಮ್ಮ ಮುಂಚಿನವರು ಹುಣಿಸೆಮರಕ್ಕೆ ಬಡಿದು ಕಳಚಿಬಿದ್ದರು. ಅಕ್ಟೋಬರಿನಲ್ಲಿ ಆಯುಧಪೂಜೆ ಬಂತು. ಪ್ರತಿ ಪೂಜೆಗೂ ಟ್ರೇಲರಿಗೆ ಹೊಸದಾಗಿ ನೀಲಿ ಬಣ್ಣ ಬಳಿಯುವುದು ನಮ್ಮ ಮನೆಯ ಪದ್ಧತಿ. ಹಳೆಯದನ್ನು ಕೆರೆಯುವುದಿಲ್ಲ, ಅದರ ಮೇಲೆಯೇ ಬಳಿಯುತ್ತೇವೆ. ಹಾಗೆ ಹನ್ನೊಂದು ಪದರವಾಗಿದೆ. ಮುಂಚಿನವರು ಹೋಗಿ ಬರಿದಾಗಿದ್ದ ಕಬ್ಬಿಣಕ್ಕೂ ಬಣ್ಣ ಬಿತ್ತು, ಅದರ ಮೇಲೆ ಅವ್ವ ಅರಿಶಿನ ಕುಂಕುಮದ ಬೊಟ್ಟಿಟ್ಟರು. ಪೂಜೆಯಾದ ಬಣ್ಣಕ್ಕೆ ಮುಂದಿನ ಪೂಜೆಯವರೆಗೆ ಯಾರೂ ಉಗುರನ್ನೂ ತಾಗಿಸುವಂತಿಲ್ಲವೆಂಬುದು ಅವ್ವನ ಮಾತು. ಈ ನಿಯಮ ನನಗೆ ಎಷ್ಟು ಅಭ್ಯಾಸವಾಗಿದೆಯೆಂದರೆ, ತಮ್ಮನ್ನು ಸೇಲಂನಿಂದ ತಂದು ಕೂರಿಸಿದಾಗ ಕೆಂಪು, ಹಳದಿ, ಹಸಿರು ತಂತಿಗಳನ್ನು ಡಬ್ಬದ ಚೀಟಿ ನೋಡಿ ಸರಿಯಾಗಿ ಜೋಡಿಸಿದವನು, ಕಪ್ಪು ತಂತಿಯನ್ನು ಮಾತ್ರ ಬಣ್ಣದ ಮೇಲೆಯೇ, ಬೊಟ್ಟಿನ ಪಕ್ಕದಲ್ಲೇ, ಭಕ್ತಿಯಿಂದ ಬೋಲ್ಟ್ ಹಾಕಿ ಬಿಗಿದೆ. ಆ ಚೀಟಿಯಲ್ಲಿ ಬರಿ ಕಬ್ಬಿಣಕ್ಕೆ ಬಿಗಿಯಬೇಕೆಂದೇ ಬರೆದಿತ್ತು. ಓದಿಯೂ ಇದ್ದೆ.

ಇಂದು ಹನ್ನೊಂದು ಗಂಟೆಗೆ ಮಾರಂಡಹಳ್ಳಿಯಿಂದ ಬಂದ ಎಲೆಕ್ಟ್ರಿಷಿಯನ್ ನಾರಪ್ಪನವರು ಒಂದು ಬಲ್ಬಿಗೆ ಎರಡು ತಂತಿ ಕಟ್ಟಿ ಅಲ್ಲಲ್ಲಿ ಮುಟ್ಟಿಸಿ ನೋಡಿ, ಐದೇ ನಿಮಿಷದಲ್ಲಿ ತಮ್ಮ ಒಳಗುಟ್ಟನ್ನು ಬಯಲು ಮಾಡಿದರು. “ಕರೆಂಟು ಬರಾಕೆ ದಾರಿ ಐತೆ, ವಾಪಸ್ ಓಗಾಕೆ ಇಲ್ಲ. ಬಣ್ಣ ಅಡ್ಡ ಕುಂತೈತೆ,” ಎಂದರು. ಗಾಡಿ ಓಡುವಾಗ ಅಲುಗಾಟಕ್ಕೆ ಕಪ್ಪು ತಂತಿಯ ಬೋಲ್ಟು ಎಲ್ಲೋ ಒಂದೆಡೆ ಕಬ್ಬಿಣ ಮುಟ್ಟುತ್ತದೆ; ನಿಧಾನವಾದಾಗ, ನಿಂತಾಗ ಬಿಡುತ್ತದೆ. ಆಗ ಬ್ರೇಕಿನ ಕರೆಂಟು ದಾರಿ ಕಾಣದೆ ಹಳದಿ ಬಲ್ಬಿನೊಳಗೆ ನುಗ್ಗಿ ಹೋಗುತ್ತದಂತೆ. ಬೇರೆ ತಂತಿಯನ್ನು ಟ್ರ್ಯಾಕ್ಟರಿಗೇ ಎಳೆಯೋಣವೆಂದರೆ, ಡಬ್ಬದಲ್ಲಿ ಉಳಿದ ಬಣ್ಣವನ್ನು ವ್ಯರ್ಥಮಾಡಬಾರದೆಂದು ಅದರ ಹಿಂಬದಿಗೂ ಬಳಿದು ಬೊಟ್ಟಿಟ್ಟಿದ್ದೇವೆ. ಬಲಬದಿಯ ಹಿರಿಯ ದೀಪದವರನ್ನು ಆಶ್ರಯಿಸೋಣವೆಂದರೆ ಅವರ ಸ್ಕ್ರೂಗಳು ಹನ್ನೊಂದೂ ಪದರದೊಳಗೆ ಹೂತುಹೋಗಿವೆ.

ಈ ಸ್ಥಿತಿಯಲ್ಲಿ ತಮ್ಮಲ್ಲಿ ಕೆಲವು ಸಣ್ಣ ಬೇಡಿಕೆಗಳನ್ನು ಸಲ್ಲಿಸಲು ಯೋಚಿಸಿದ್ದೆ. ಕರೆಂಟು ಬಂದ ದಾರಿಯಲ್ಲೇ ಹಿಂದಿರುಗಿ ಹೋಗುವಂತೆ ತಾವು ಅದಕ್ಕೆ ಬುದ್ಧಿ ಹೇಳಬೇಕು; ಅದಾಗದಿದ್ದರೆ ಗೇಟಿನ ಮುಂದಿನ ಮೂರು ನಿಮಿಷ ಕರೆಂಟಿಲ್ಲದೆ, ಬರೀ ಮನೆತನದ ಮರ್ಯಾದೆಯ ಬಲದಿಂದ ಉರಿಯಬೇಕು; ಅದೂ ಕಷ್ಟವೆಂದರೆ ಎಡಕ್ಕೆ ತಿರುಗುವ ಮನಸ್ಸಾದ ಹಿಂದಿನ ದಿನವೇ ಒಂದು ಕಾರ್ಡು ಬರೆಯಬೇಕು, ತಮ್ಮ ಇಷ್ಟದಂತೆ ತಿರುಗಿಕೊಂಡೇ ಹೋಗುತ್ತೇವೆ, ಕಾರ್ಖಾನೆ ಬಲಕ್ಕಿದ್ದರೂ ಚಿಂತೆಯಿಲ್ಲ. ನಾರಪ್ಪನವರು ಅವ್ವನ ಮುಖ ನೋಡುತ್ತ, ನಾನು ನಾರಪ್ಪನವರ ಮುಖ ನೋಡುತ್ತ ಊಟದ ಹೊತ್ತಿನವರೆಗೆ ಕೂತಿದ್ದಾಗ, ಇದಕ್ಕಿಂತ ಒಳ್ಳೆಯ ಉಪಾಯ ನಮಗೂ ಹೊಳೆದಿರಲಿಲ್ಲ. ಕೆರೆಯಬೇಕೆಂದು ಹೇಳುವ ಧೈರ್ಯ ಇಬ್ಬರಿಗೂ ಇರಲಿಲ್ಲ.

ಆಮೇಲೆ ಅವ್ವ ತಾವಾಗಿ ಹೊಂಗೆಮರದ ಕಡೆಗೆ ಹೋದರು. ಸೋಗೆ ಸರಿಸಿ ಒಂದು ಜಲ್ಲೆ ಎಳೆದು, ಸಿಪ್ಪೆ ಸುಲಿದು ಅಗಿದರು. ರಸ ಕಡಿಮೆಯಾಗಿದೆಯೇ ಎಂದು ಎರಡನೆಯದನ್ನೂ ಅಗಿದರು. ಹಿಂದಿರುಗಿ ಬಂದು, ಎಷ್ಟು ಜಾಗ ಬೇಕೆಂದು ನಾರಪ್ಪನವರನ್ನು ಕೇಳಿದರು. ಅವರು ಹೆಬ್ಬೆರಳ ತುದಿ ತೋರಿಸಿದರು. ಅವ್ವ ಇಟ್ಟ ಬೊಟ್ಟಿನಷ್ಟೇ ಜಾಗ. ಅವ್ವ ಮೇವು ಕೊಯ್ಯುವ ಕುಡುಗೋಲನ್ನು ಸೂರಿನಿಂದ ತೆಗೆದು ನಮ್ಮ ಮುಂದಿಟ್ಟು ಹೇಳಿದರು: “ಇದ್ಕೂ ಅವತ್ತೇ ಪೂಜೆ ಆಗೈತೆ. ಅದ್ಕೂ ಅವತ್ತೇ ಆಗೈತೆ. ಅವ್‌ಅವೇ ಮಾತಾಡ್ಕಂತವೆ, ನೀವ್ ಮಧ್ಯ ಬರಬ್ಯಾಡಿ. ಬೆಳಿಗ್ಗೆ ತಲೆಗ್ ನೀರಾಕ್ಕಂಡು ನಾನೇ ಕೆರೀತೀನಿ.”

ಹನ್ನೊಂದು ವರ್ಷ ತನ್ನ ಮಾತನ್ನು ತಾನೇ ಒಮ್ಮೆಯೂ ಮೀರದ ಹೆಂಗಸು, ತಮಗಾಗಿ ಹೆಬ್ಬೆರಳಷ್ಟು ಜಾಗ ಬಿಟ್ಟುಕೊಡುತ್ತಿದ್ದಾರೆ. ಇದಾದ ಮೇಲೆ ತಮಗೆ ಹೇಳಲು ಯಾವ ನೆಪವೂ ಉಳಿಯುವುದಿಲ್ಲ. ನನಗೂ ಉಳಿಯುವುದಿಲ್ಲ.

ತಾವು ನಿಂತಲ್ಲೂ ಬೆಳಗುವಿರೆಂಬ ವಿಶ್ವಾಸವನ್ನು ಗುರುವಾರ ಹತ್ತು ಗಂಟೆಯವರೆಗೆ ಉಳಿಸಿಕೊಂಡಿರುವ,
ತಮ್ಮ ವಿಶ್ವಾಸಿ,
ತಿಮ್ಮರಾಜು

ತಾ.ಕ.: ತಮ್ಮ ಮುಂಚಿನವರ ಒಡೆದ ಕೆಂಪು ಗಾಜು ಅಟ್ಟದ ಮೇಲೆ ಇನ್ನೂ ಇದೆ. ತಮಗೆ ಮನಸ್ಸಿಲ್ಲದಿದ್ದರೆ ಅದನ್ನು ಟಾರ್ಚಿಗೆ ಕಟ್ಟಿಕೊಂಡು ತಮ್ಮ ಮೂಲೆಯಲ್ಲಿ ಕೂರಲು ಚಿಕ್ಕಮುನಿಯಪ್ಪ ಮಾವ ತಯಾರಿದ್ದಾರೆ. ಎಡ ಯಾವುದು ಬ್ರೇಕ್ ಯಾವುದು ಎಂಬುದು ತನಗೆ ಎಮ್ಮೆಗಳ ಸಾಕ್ಷಿಯಾಗಿ ಗೊತ್ತಿದೆ ಎನ್ನುತ್ತಾರೆ. ನಾಳೆ ಬುಧವಾರ ಬೆಳಿಗ್ಗೆ ಏಳು ಗಂಟೆಗೆ ಬಣ್ಣ ಕೆರೆಯಲಾಗುವುದು.