ಐನೂರು ಹೋಗಲಿ, ಆ ಒಂದು ಎಲ್ಲಿ?

ಬ್ಯಾಂಕಿನಲ್ಲಿ ನಗುವಂಥದ್ದು ಏನಿರುತ್ತದೆ ಎಂದು ಕೇಳುವವರನ್ನು ಒಂದು ವಾರ ನನ್ನ ಕೌಂಟರಿನಲ್ಲಿ ಕೂರಿಸಬೇಕು. ಬಸವೇಶ್ವರನಗರದ ನಮ್ಮ ಶಾಖೆಯಲ್ಲಿ, ಕುಡಿಯುವ ನೀರಿನ ಕ್ಯಾನಿನ ಪಕ್ಕದಲ್ಲಿ ‘ವಿದೇಶಕ್ಕೆ ಹಣ ರವಾನೆ’ ಎಂದು ಬೋರ್ಡು ತೂಗುಹಾಕಿರುವ ಮೂಲೆ ನನ್ನದು. ಇಲ್ಲಿಗೆ ಬರುವವರಲ್ಲಿ ಎರಡು ಜಾತಿ. ಹಣ ಕಳಿಸಲು ಬರುವವರು ಒಂದು, ಹಣ ಕಳಿಸುತ್ತಿದ್ದೇವೆ ಎಂದು ಉಳಿದ ಕೌಂಟರಿನವರಿಗೆ ಕೇಳಿಸಲು ಬರುವವರು ಇನ್ನೊಂದು.

ಹಣ ಕಳಿಸುವುದು ಕಂಪ್ಯೂಟರಿನ ಕೆಲಸ. ಯಾರಿಗೆ, ಯಾಕೆ, ಯಾವ ಗಳಿಗೆಯಲ್ಲಿ ಕಳಿಸಬೇಕು ಎನ್ನುವುದು ಮನೆತನದ ಕೆಲಸ. ಇವೆರಡೂ ಢಿಕ್ಕಿ ಹೊಡೆಯುವ ಜಾಗದಲ್ಲಿ ನಾನು ಕುರ್ಚಿ ಹಾಕಿಕೊಂಡು ಕೂತಿದ್ದೇನೆ. ಹಾಗಾಗಿ ಇಂಥವು ನಡೆಯುತ್ತಲೇ ಇರುತ್ತವೆ, ನನ್ನ ತಪ್ಪೇನೂ ಇಲ್ಲ.

ಮಧ್ಯದಲ್ಲಿ ಕೂತವರು

ಕಾಮಾಕ್ಷಿಪಾಳ್ಯದಲ್ಲಿ ಕಬ್ಬಿಣ ಕಡೆಯುವ ಲೇತ್ ಮೆಷಿನ್ ಇಟ್ಟುಕೊಂಡಿರುವ ಯಜಮಾನರೊಬ್ಬರು ನಮ್ಮ ಹಳೆಯ ಗಿರಾಕಿ. ಅವರ ತಂಗಿ ನ್ಯೂಜಿಲೆಂಡಿನಲ್ಲಿದ್ದಾರೆ. ಗೌರಿ ಹಬ್ಬಕ್ಕೆ ತವರಿನಿಂದ ಹೆಣ್ಣುಮಕ್ಕಳಿಗೆ ಬಾಗಿನ ಕೊಡಬೇಕಲ್ಲ? ಮೊರ, ಬಳೆ, ಅರಿಶಿನ ಕುಂಕುಮವನ್ನು ಅಲ್ಲಿಗೆ ಸಾಗಿಸಲಾಗದೆ, ಕಳೆದ ವರ್ಷ ಅದರ ಬದಲಿಗೆ ಐನೂರ ಒಂದು ಡಾಲರನ್ನು ನಮ್ಮ ಶಾಖೆಯಿಂದಲೇ ಕಳಿಸಿದ್ದರು. ಈ ವರ್ಷ ಹಬ್ಬ ಹತ್ತಿರ ಬರುತ್ತಿದ್ದಂತೆ ಬಂದು, ಕೈ ಕಟ್ಟಿಕೊಂಡು ನನ್ನೆದುರು ಕೂತರು.

“ಮೇಡಂ, ಹೋದ ವರ್ಷ ನಾನು ಐನೂರ ಒಂದು ಕಳ್ಸಿದ್ದೆ. ಅಲ್ಲಿ ಸೇರಿದ್ದು ನಾನೂರ ಎಂಬತ್ತು. ಐನೂರು ಹೋಗ್ಲಿ, ಆ ಒಂದು ಎಲ್ಲಿ?”

“ಮಧ್ಯದಲ್ಲಿ ಇನ್ನೊಂದು ಬ್ಯಾಂಕ್ ಇರುತ್ತೆ ಸಾರ್. ಅದರ ಮೂಲಕ ಹೋಗೋದು. ಅವರು ಅವರ ಚಾರ್ಜು ಹಿಡ್ಕೊಂಡಿದ್ದಾರೆ” ಎಂದೆ.

“ಅಂದ್ರೆ ಬ್ರೋಕರ್‍ರಾ?”

ಇಷ್ಟು ವರ್ಷ ತರಬೇತಿ ಪಡೆದರೂ ಆ ಬ್ಯಾಂಕುಗಳ ಕೆಲಸವನ್ನು ನಾನು ಇಷ್ಟು ಚೆನ್ನಾಗಿ ವಿವರಿಸಿರಲಿಲ್ಲ. ಹೌದು ಎಂದೆ.

ಆಮೇಲೆ ನಿಜವಾದ ಸಂಕಟ ಹೊರಗೆ ಬಂತು. ಶುಭಕ್ಕೆ ಕೊಡುವ ಹಣ ಒಂದಕ್ಕೆ ಮುಗಿಯಬೇಕು, ಸೊನ್ನೆಗೆ ಮುಗಿಯಬಾರದು. ತಂಗಿ ನಾನೂರ ಎಂಬತ್ತನ್ನು ನೋಡಿ, “ತವರಿನೋರು ಸೊನ್ನೆಗೆ ಮುಗಿಸಿದ್ದಾರೆ. ನಿನಗೂ ನಮಗೂ ಮುಗೀತು ಅಂತ ತಾನೇ ಅರ್ಥ?” ಎಂದು ಅಣ್ಣನ ಜೊತೆ ಮಾತು ಬಿಟ್ಟಿದ್ದರು. ಅತ್ತಿಗೆಯ ಜೊತೆ ಮಾತ್ರ ದಿನಾ ವಿಡಿಯೋ ಕಾಲ್. ಅಣ್ಣ ಹಿಂದೆ ಕಾಫಿ ಲೋಟ ಹಿಡಿದು ಹಾದುಹೋದರೂ ಕ್ಯಾಮೆರಾ ಆಫ್.

“ಬ್ಯಾಂಕ್ ಕತ್ತರಿಸಿದೆ ಅಂತ ಹೇಳ್ಬೇಕಿತ್ತು” ಎಂದೆ.

“ಮನೆಯವಳು ಹೇಳಿದ್ಲು ಮೇಡಂ. ಅದಕ್ಕೆ ನಮ್ಮ ತಂಗಿ ಏನಂದ್ಲು ಗೊತ್ತಾ? ‘ಪಕ್ಕದ್ಮನೆ ತೆಲುಗಿನೋರಿಗೆ ಅವರ ತವರಿಂದ ಅವರ ಶಾಸ್ತ್ರದ ಸಾವಿರದ ನೂರ ಹದಿನಾರು ಪೂರ್ತಿ ಬಂತು. ಬ್ಯಾಂಕು ನಮ್ಮಣ್ಣನ ದುಡ್ಡನ್ನ ಮಾತ್ರ ಹುಡುಕ್ಕೊಂಡು ಕತ್ತರಿಸ್ತಾ?’” ಎಂದರು. ಆಮೇಲೆ ಮುಂದಕ್ಕೆ ಬಾಗಿ, “ಇರೋಳು ಒಬ್ಬಳೇ ತಂಗಿ. ಈ ಸಲ ಅವಳು ನನ್ನ ಹತ್ರ ಮಾತಾಡ್ಬೇಕು. ನಮ್ಮ ಲೇತಲ್ಲಿ ಕೂದಲೆಳೆಯಷ್ಟು ವ್ಯತ್ಯಾಸ ಬಂದ್ರೂ ಪಾರ್ಟಿ ಮಾಲು ವಾಪಸ್ ಎಸೀತಾನೆ. ನೀವು ಇಪ್ಪತ್ತೊಂದು ಡಾಲರ್ ಕೆತ್ತಿ ಕಳ್ಸಿದ್ರೂ ನಿಮ್ಮನ್ನ ಯಾರೂ ಕೇಳಲ್ವಾ?” ಎಂದರು.

ಕೇಳುತ್ತಾರೆ. ಕೇಳುವವರನ್ನೆಲ್ಲ ತಂದು ನನ್ನ ಮುಂದೆ ಕೂರಿಸುತ್ತಾರೆ.

ಜರ್ಮನಿಯ ರಾಹುಕಾಲ

ಎಲ್ಲ ಚಾರ್ಜನ್ನೂ ಇಲ್ಲೇ ಕಟ್ಟಿಬಿಟ್ಟರೆ ಅಲ್ಲಿ ಕತ್ತರಿಸುವುದಿಲ್ಲ ಎಂದು ಹೇಳಿ, ಯಜಮಾನರಿಗೆ ಬೇಕಾದ ಕಾಗದಗಳ ಪಟ್ಟಿ ಕೊಟ್ಟು ಕಳಿಸಿದೆ. ಅವರು ಕಾಗದ ಹೊಂದಿಸಿಕೊಂಡು ಮತ್ತೆ ಬಂದದ್ದು ಒಂದು ಶುಕ್ರವಾರ. ಆದರೆ ಅವರಿಗಿಂತ ಮುಂಚೆ ರಾಜಾಜಿನಗರದ ನಿವೃತ್ತ ಮುಖ್ಯೋಪಾಧ್ಯಾಯಿನಿಯೊಬ್ಬರು ಬಂದು ಕೂತಿದ್ದರು. ಜರ್ಮನಿಯಲ್ಲಿ ಮೊಮ್ಮಗಳ ನಾಮಕರಣ. ಮಗಳ ಖಾತೆಗೆ ಮಗುವಿನ ಉಡುಗೊರೆಯ ಹಣ ಹೋಗಬೇಕು.

ಬೆಳಿಗ್ಗೆ ಕೌಂಟರ್ ತೆರೆದು ಕಂಪ್ಯೂಟರ್ ಕಣ್ಣುಬಿಡುವಷ್ಟರಲ್ಲಿ ಹತ್ತೂವರೆ. “ಈಗ ಬೇಡ, ರಾಹುಕಾಲ ಶುರುವಾಯ್ತು. ಹನ್ನೆರಡಕ್ಕೆ ಒತ್ತಿ” ಎಂದರು. ಸರಿ ಎಂದೆ. ಅಲ್ಲೇ ಕೂತು ಯೋಚಿಸಿದವರು ಇದ್ದಕ್ಕಿದ್ದಂತೆ ಕೇಳಿದರು:

“ಅಲ್ಲಮ್ಮಾ, ದುಡ್ಡು ಸೇರೋದು ಜರ್ಮನೀಲಿ. ಅಲ್ಲಿನ ರಾಹುಕಾಲ ನೋಡ್ಬೇಡ್ವಾ?”

ಇದಕ್ಕೆ ನಮ್ಮ ಕೈಪಿಡಿಯಲ್ಲಿ ಉತ್ತರವಿಲ್ಲ. ಬೆಂಚಿನ ಮೇಲೆ ಕೂತಿದ್ದ ಲೇತ್ ಯಜಮಾನರು ಮೊಬೈಲಿನಲ್ಲಿ ಲೆಕ್ಕ ಹಾಕಿ, “ಅಲ್ಲಿನ ಹತ್ತೂವರೆ ಅಂದ್ರೆ ನಮಗೆ ಮಧ್ಯಾಹ್ನ ಎರಡು ಗಂಟೆ ಆಂಟಿ. ಅಲ್ಲಿಂದ ಮೂರೂವರೆವರೆಗೂ ಆಗಲ್ಲ” ಎಂದು ತೀರ್ಪು ಕೊಟ್ಟರು. ಮೂರೂವರೆಗೆ ನಾವೇ ವ್ಯವಹಾರ ಮುಚ್ಚುತ್ತೇವೆ. ಅಂತೂ ಎರಡೂ ದೇಶದ ರಾಹುವಿನಿಂದ ತಪ್ಪಿಸಿಕೊಂಡು ಉಳಿದದ್ದು ಹನ್ನೆರಡರಿಂದ ಎರಡು.

ಹನ್ನೆರಡು ಹೊಡೆಯಿತು. ಅವರು ಕಣ್ಣುಮುಚ್ಚಿ ಕೈಮುಗಿದರು. ನಾನು ಗುಂಡಿ ಒತ್ತಿದೆ. ಸರ್ವರ್ ಡೌನ್.

ಮ್ಯಾನೇಜರು ತಮ್ಮ ಕೋಣೆಯಿಂದ ಹೊರಗೆ ಬಂದು, ಸಿಸ್ಟಮ್ಮೇ ಆಗಲ್ಲ ಎಂದ ಮೇಲೆ ಮುಗಿಯಿತು ಎನ್ನುವಂತೆ ಕೈ ಆಡಿಸಿ ಒಳಗೆ ಹೋದರು. ಅದು ಸರಿಹೋದದ್ದು ಸರಿಯಾಗಿ ಎರಡು ಗಂಟೆಗೆ. ಮುಖ್ಯೋಪಾಧ್ಯಾಯಿನಿ ಚೀಲ ಎತ್ತಿಕೊಂಡು ಎದ್ದರು.

“ನಾನು ಸೋಮವಾರ ಬರ್ತೀನಿ. ಅಷ್ಟರಲ್ಲಿ ನಿಮ್ಮ ಸರ್ವರ್‍ದು ರಾಹುಕಾಲ ಎಷ್ಟೊತ್ತಿಗೆ ಅಂತ ಬರೆದಿಡಿ, ಅದನ್ನೂ ಪಂಚಾಂಗಕ್ಕೆ ಸೇರಿಸ್ಕೋತೀನಿ.”

ಷಡ್ಡಕ ಯಾರು?

ಅದೇ ಮಧ್ಯಾಹ್ನ ಯಜಮಾನರ ಸರದಿ ಬರುವ ಮೊದಲು ಗೋವಿಂದರಾಜನಗರದ ಪಾತ್ರೆ ವ್ಯಾಪಾರಿಯೊಬ್ಬರು ನುಗ್ಗಿದರು. ಕೈಯಲ್ಲಿ ಫೋನು, ದನಿ ಕ್ಯಾಶ್ ಕೌಂಟರಿನ ತುದಿಯವರೆಗೆ. “ಹೂಂ ಕಣೋ, ಬ್ಯಾಂಕಲ್ಲಿದೀನಿ. ಫಾರಿನ್‌ಗೆ ದುಡ್ಡು ಹಾಕ್ತಾ ಇದೀನಿ. ಫಾರಿನ್, ಫಾರಿನ್!”

ಲಂಡನ್ನಿನಲ್ಲಿರುವ ಷಡ್ಡಕನಿಗೆ, ಎಂದರೆ ಹೆಂಡತಿಯ ತಂಗಿಯ ಗಂಡನಿಗೆ, ಹಣ ಕಳಿಸಬೇಕಿತ್ತು. ನಮ್ಮ ಕಂಪ್ಯೂಟರ್ ಸಂಬಂಧ ಏನು ಎಂದು ಕೇಳುತ್ತದೆ. ಅದಕ್ಕೆ ಗೊತ್ತಿರುವ ನೆಂಟರು ಕೆಲವರೇ. ಆ ಪಟ್ಟಿ ಮಾಡಿದವರು ಮದುವೆಮನೆಗೇ ಹೋದವರಲ್ಲ ಎಂದು ಕಾಣುತ್ತದೆ, ಷಡ್ಡಕನನ್ನು ಬಿಟ್ಟಿದ್ದಾರೆ.

“ಬ್ರದರ್ ಅಂತ ಹಾಕ್ಲಾ ಸಾರ್?”

“ಅಯ್ಯೋ, ಬೇಡ! ಬ್ಯಾಂಕಲ್ಲೇ ಬರ್ಕೊಟ್ಟಿದ್ದಾನೆ ಅಂತ ನಾಳೆ ಆಸ್ತೀಲಿ ಪಾಲು ಕೇಳಿದ್ರೆ?”

“ಫ್ರೆಂಡ್?”

“ಅವನಾ? ಗೃಹಪ್ರವೇಶಕ್ಕೆ ಬಂದು ಊಟ ಮಾಡ್ದೇ ಹೋದೋನು.”

“ಹಾಗಾದ್ರೆ ಉಳಿದಿರೋದು ‘ಇತರೆ’ ಸಾರ್.”

ಅವರ ಮುಖ ಅರಳಿತು. “ಅದೇ ಹಾಕಿ ಮೇಡಂ. ನಮ್ಮನೇಲಿ ಅವನು ಯಾವಾಗ್ಲೂ ಅದೇ.”

ಒಂಟಿ ಡಾಲರು

ಕೊನೆಗೂ ಲೇತ್ ಯಜಮಾನರು ನನ್ನೆದುರಿನ ಕುರ್ಚಿಗೆ ಬಂದರು. ಎಲ್ಲ ಚಾರ್ಜೂ ಇಲ್ಲೇ ಕಟ್ಟುತ್ತೇನೆ, ಆದರೆ ಪೂರ್ತಿ ಸೇರುತ್ತದೆಂದು ಬರೆದುಕೊಡಿ ಎಂದರು. ಹೋಗಿ ಮ್ಯಾನೇಜರನ್ನು ಕೇಳಿದೆ. “ಸಾಮಾನ್ಯವಾಗಿ ಸೇರುತ್ತೆ ಅನ್ನಿ. ಬರ್ಕೊಡಕ್ಕೆ ಹೋಗ್ಬೇಡಿ” ಎಂದರು.

“ಸಾಮಾನ್ಯವಾಗಿ ಅಂದ್ರೆ?” ಯಜಮಾನರು ಗಲ್ಲ ಕೆರೆದುಕೊಂಡರು. “ಹಾಗಾದ್ರೆ ಬೇರೆ ಬೇರೆ ಕಳ್ಸೋಣ ಮೇಡಂ. ಐನೂರು ಒಂದ್ಸಲ. ಒಂದು ಇನ್ನೊಂದ್ಸಲ. ಕತ್ತರಿಸೋದಿದ್ರೆ ಐನೂರರಲ್ಲಿ ಕತ್ತರಿಸ್ಕೊಳ್ಳಲಿ. ಒಂದರಲ್ಲಿ ಇನ್ನೇನು ಕತ್ತರಿಸ್ತಾರೆ, ಹಿಡ್ಕೊಳ್ಳಕ್ಕೇ ಸಿಗಲ್ಲ.”

“ಸಾರ್, ನ್ಯೂಜಿಲೆಂಡಿನ ಒಂದು ಡಾಲರ್ ಅಂದ್ರೆ ಐವತ್ತು ಚಿಲ್ಲರೆ ರೂಪಾಯಿ. ಕಳ್ಸೋ ಚಾರ್ಜೇ ಸಾವಿರದ ಮೇಲಾಗುತ್ತೆ.”

“ಆಗ್ಲಿ. ತಂಗಿ ಮಾತಾಡ್ಬೇಕಲ್ಲ.”

ಮ್ಯಾನೇಜರು ಹೌಹಾರಿದರು. ಎಷ್ಟಕ್ಕಿಂತ ಹೆಚ್ಚು ಕಳಿಸಬಾರದು ಎನ್ನುವುದಕ್ಕೆ ನಮ್ಮಲ್ಲಿ ಪುಟಗಟ್ಟಲೆ ನಿಯಮವಿದೆ. ಎಷ್ಟಕ್ಕಿಂತ ಕಮ್ಮಿ ಕಳಿಸಬಾರದು ಎನ್ನುವುದಕ್ಕೆ ಒಂದು ಸಾಲೂ ಸಿಗಲಿಲ್ಲ. ಇಂಥ ಅಣ್ಣ ಒಬ್ಬ ಹುಟ್ಟಿರುತ್ತಾನೆ ಎಂದು ಮೇಲಿನವರು ಊಹಿಸಿರಲಿಲ್ಲ. ಕಳಿಸಿದೆವು.

ಐನೂರರ ಜೊತೆ ಹೋಗುವ ಸಂದೇಶದ ಜಾಗದಲ್ಲಿ ‘ಗೌರಿ ಬಾಗಿನ’ ಎಂದೇ ಇರಬೇಕು, ಓದಿ ಅವಳಿಗೆ ಸಂತೋಷವಾಗಬೇಕು ಎಂದು ಯಜಮಾನರು ಹಟ ಹಿಡಿದರು. ಹಾಗೇ ಹಾಕಿದೆ. ಒಂದರ ಜೊತೆ ಬರೀ ‘ತಂಗಿಗೆ ಉಡುಗೊರೆ’ ಎಂದು ನಾನೇ ಹಾಕಿ ಮುಗಿಸಿದೆ.

ಗೌರಿಯ ವಿಳಾಸ

ಸೋಮವಾರ ಮುಂಬಯಿಯ ಮುಖ್ಯ ಕಚೇರಿಯಿಂದ ಮೇಲ್ ಬಂತು. ಐನೂರು ಡಾಲರನ್ನು ತಡೆಹಿಡಿಯಲಾಗಿದೆ, ಈ ಕೆಳಗಿನವಕ್ಕೆ ವಿವರಣೆ ಕೊಡಿ. ಗೌರಿ ಯಾರು? ಕಳಿಸುವವರಿಗೆ ಏನಾಗಬೇಕು? ಆಕೆ ಭಾರತದ ನಿವಾಸಿಯೋ, ಅನಿವಾಸಿಯೋ? ಬಾಗಿನ ಎನ್ನುವುದು ಸರಕೋ, ಸೇವೆಯೋ? ಖಾತೆ ತಂಗಿಯ ಹೆಸರಿನಲ್ಲಿರುವಾಗ ಹಣ ಗೌರಿಗೆ ಏಕೆ ಹೋಗುತ್ತಿದೆ?

ಯಜಮಾನರನ್ನು ಕರೆಸಿದೆ. ಮ್ಯಾನೇಜರೂ ಕುರ್ಚಿ ಎಳೆದುಕೊಂಡು ಕೂತರು.

“ಗೌರಿ ಯಾರು ಅಂದ್ರೆ? ಗೌರಮ್ಮ ಮೇಡಂ. ವರ್ಷಕ್ಕೊಂದ್ಸಲ ತವರಿಗೆ ಬರ್ತಾಳೆ. ಮಾರನೇ ದಿನ ಮಗ ಬಂದು ಕರ್ಕೊಂಡು ಹೋಗ್ತಾನೆ.”

“ವರ್ಷಕ್ಕೊಂದೇ ದಿನ ಇರೋದಾ?” ಎಂದರು ಮ್ಯಾನೇಜರು ಗಂಭೀರವಾಗಿ. “ಹಾಗಾದ್ರೆ ಅನಿವಾಸಿ.”

“ವಿಳಾಸ ಕೈಲಾಸ ಅಂತ ಬರೀಲಾ ಸಾರ್?” ಎಂದೆ, ಮೈ ಉರಿದು.

ಅವರು ಗಾಬರಿಯಾದರು. “ಬೇಡ, ಬೇಡ! ಕೈಲಾಸ ಈಗ ಚೀನಾ ಕಡೆ ಬರುತ್ತೆ. ಆ ದೇಶದ ಹೆಸರು ಕಂಡ್ರೆ ಫೈಲು ದೆಹಲಿಗೆ ಹೋಗುತ್ತೆ.”

ಕೊನೆಗೆ ನಾನೇ ನೆಟ್ಟಗೆ ಬರೆದೆ: ಗೌರಿ ದೇವತೆ, ಬಾಗಿನ ಹಬ್ಬದಲ್ಲಿ ತವರಿನವರು ಹೆಣ್ಣುಮಕ್ಕಳಿಗೆ ಕೊಡುವ ಉಡುಗೊರೆ, ಹಣ ತಂಗಿಗೇ ಹೋಗುತ್ತಿದೆ. ಮರುದಿನ ಉತ್ತರ ಬಂತು. ದೇವತೆಯಾಗಿದ್ದಲ್ಲಿ ದೇವಸ್ಥಾನದ ಟ್ರಸ್ಟಿನ ನೋಂದಣಿ ಪತ್ರ ಲಗತ್ತಿಸಿ.

ಆ ಹೊತ್ತಿಗೆ ಹಬ್ಬಕ್ಕೆ ಒಂದೇ ದಿನ ಉಳಿದಿತ್ತು.

ಹಬ್ಬದ ಬೆಳಿಗ್ಗೆ

ಗೌರಿ ಹಬ್ಬದ ದಿನ ಬ್ಯಾಂಕಿನ ಬಾಗಿಲು ತೆರೆಯುವಾಗಲೇ ಯಜಮಾನರು ಮೆಟ್ಟಿಲ ಮೇಲಿದ್ದರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಹಣೆಯಲ್ಲಿ ಕುಂಕುಮ, ಕಣ್ಣಿನಲ್ಲಿ ನಿದ್ದೆಯಿಲ್ಲ. ಕಂಪ್ಯೂಟರ್ ನೋಡಿದೆ. ಐನೂರು ಇನ್ನೂ ಮುಂಬಯಿಯಲ್ಲಿ, ಗೌರಿಯ ವಿಚಾರಣೆಯಲ್ಲಿ. ಆದರೆ ಒಂದು ಡಾಲರು ಯಾರ ಕಣ್ಣಿಗೂ ಬೀಳದೆ, ಪೂರ್ತಿಯಾಗಿ ನ್ಯೂಜಿಲೆಂಡ್ ಸೇರಿತ್ತು.

ಹೇಳಿದೆ. ಅವರು ಕುರ್ಚಿಯಲ್ಲಿ ಕುಸಿದರು.

“ಒಂದೇನಾ? ಹಬ್ಬದ ದಿನ ತವರಿಂದ ಒಂದು ಡಾಲರ್? ಮುಗೀತು ಮೇಡಂ. ಹೋದ ವರ್ಷ ಮಾತು ಬಿಟ್ಟಿದ್ಲು. ಈ ವರ್ಷ ನಮ್ಮ ಹೆಸರೇ ಬಿಡ್ತಾಳೆ.”

ಆಗ ಅವರ ಫೋನು ಹೊಡೆದುಕೊಂಡಿತು. ತಂಗಿ. ವರ್ಷದ ನಂತರದ ಮೊದಲ ಕಾಲ್. ಗಡಿಬಿಡಿಯಲ್ಲಿ ಎಲ್ಲಿ ಒತ್ತಿದರೋ, ಸ್ಪೀಕರ್ ಆನ್ ಆಯಿತು. ಪಾಸ್‌ಬುಕ್ ಸಾಲಿನವರೆಲ್ಲ ಇತ್ತ ತಿರುಗಿದರು.

“ಅಣ್ಣಾ, ಒಂದು ಡಾಲರ್ ಬಂದಿದೆ.”

“ಹೂಂ ಕಣಮ್ಮಾ... ಅದು ಏನಾಯ್ತು ಅಂದ್ರೆ...”

“ಸುಮ್ನಿರು. ಅತ್ತಿಗೆ ಎಲ್ಲಾ ಹೇಳಿದ್ರು. ಒಂದು ಡಾಲರ್ ಕಳ್ಸಕ್ಕೆ ಸಾವಿರದ ಮೇಲೆ ಕೊಟ್ಟು ಬಂದ್ಯಂತೆ? ಪಕ್ಕದ್ಮನೆ ತೆಲುಗಿನೋರಿಗೆ ತೋರಿಸ್ದೆ. ನಿಮ್ಮ ಸಾವಿರದ ನೂರ ಹದಿನಾರು ಇಟ್ಕೊಳ್ಳಿ, ಇಂಥ ದಡ್ಡ ಅಣ್ಣ ನಿಮಗಿದ್ದಾನಾ ಅಂತ ಕೇಳ್ದೆ.” ನಗುತ್ತಿದ್ದ ದನಿ ಹಾಗೇ ಅಳುವಿಗೆ ತಿರುಗಿತು. “ಐನೂರು ಬರ್ಲಿ, ಬಿಡ್ಲಿ. ನಂಗೆ ಬೇಕಾಗಿದ್ದು ಬಂತು ಅಣ್ಣ.”

ಕ್ಯಾಶ್ ಕೌಂಟರಿನವರು ನೋಟು ಎಣಿಸುವುದನ್ನು ನಿಲ್ಲಿಸಿದ್ದರು. ಮ್ಯಾನೇಜರು ಕನ್ನಡಕ ಒರೆಸುವ ನೆಪದಲ್ಲಿ ಗೋಡೆಗೆ ತಿರುಗಿದರು. ನಮ್ಮ ಬ್ಯಾಂಕು ಆ ಗಳಿಗೆಯಲ್ಲಿ ಮೊದಲ ಬಾರಿಗೆ ಒಳ್ಳೆಯ ಕೆಲಸವೊಂದನ್ನು ಸಮಯಕ್ಕೆ ಸರಿಯಾಗಿ ಮಾಡಿತ್ತು, ಅದೂ ಗೊತ್ತಿಲ್ಲದೆ.

ಯಜಮಾನರು ಫೋನನ್ನು ಮೇಜಿನ ಮೇಲೆ ಇಟ್ಟು, ಅಂಗಿಯ ತೋಳಿನಲ್ಲಿ ಕಣ್ಣೊರೆಸಿಕೊಂಡು, ಸುಧಾರಿಸಿಕೊಂಡರು. ಆಮೇಲೆ ನನ್ನ ಕಡೆ ಬಾಗಿ, ಮೆಲ್ಲಗೆ ಕೇಳಿದರು.

“ಮೇಡಂ, ಆ ಐನೂರು ಇನ್ನೂ ಮುಂಬಯೀಲೇ ಇದೆ ಅಂದ್ರಲ್ಲಾ?”

“ಹೌದು ಸಾರ್.”

“ಹಾಗಾದ್ರೆ ಗೌರಿ ಯಾರು ಅಂತ ನಮಗೂ ಗೊತ್ತಿಲ್ಲ ಅಂತ ಬರೆದ್ಬಿಡಿ. ವಾಪಸ್ ಬಂದ್ಬಿಡ್ಲಿ.”

ಮೇಜಿನ ಮೇಲಿದ್ದ ಫೋನಿನಿಂದ ಕೂಗು ಬಂತು: “ಅಣ್ಣಾ, ಕಾಲ್ ಇನ್ನೂ ಕಟ್ ಆಗಿಲ್ಲ!”